ಛಾವಣಿಯ ನೀರು, ಬೀದಿಯ ಜನ

ಬೇಸಿಗೆಯಲ್ಲಿ ದೊಡ್ಡ ಹೋಟೆಲಿನ ಒಳಗೆ ಕಾಲಿಟ್ಟರೆ ತಣ್ಣನೆ ಗಾಳಿ ಮುಖಕ್ಕೆ ಬಡಿಯುತ್ತದಲ್ಲ, ಒಳಗಿದ್ದ ಸೆಕೆ ಎಲ್ಲಿಗೆ ಹೋಯಿತು ಅಂತ ಯೋಚಿಸಿದ್ದೀರಾ? ಬಹಳ ಕಟ್ಟಡಗಳಲ್ಲಿ ಅದನ್ನು ಹೊರುವುದು ನೀರು. ಏಸಿ ಯಂತ್ರದ ಕಂಡೆನ್ಸರಿನಲ್ಲಿ ಬಿಸಿ ಅನಿಲದ ಶಾಖವನ್ನು ನೀರು ಹೀರಿಕೊಳ್ಳುತ್ತದೆ. ಪಂಪು ಆ ನೀರನ್ನು ಛಾವಣಿಯ ಕೂಲಿಂಗ್ ಟವರಿಗೆ ಏರಿಸುತ್ತದೆ. ಅಲ್ಲಿ ಅದು ಹನಿಹನಿಯಾಗಿ ಬೀಳುವಾಗ ಫ್ಯಾನು ಗಾಳಿ ಎಳೆಯುತ್ತದೆ. ಸ್ವಲ್ಪ ನೀರು ಆವಿಯಾಗಿ, ಉಳಿದದ್ದು ತಣ್ಣಗಾಗಿ ಕೆಳಗಿಳಿಯುತ್ತದೆ. ಊರಿನಲ್ಲಿ ಅಜ್ಜಿಯ ಮನೆಯ ಮಣ್ಣಿನ ಹೂಜಿ ಮಾಡುವುದೂ ಇದೇ ಕೆಲಸ.

ಆದರೆ ಹೂಜಿಯಿಂದ ಹನಿ ಹಾರುವುದಿಲ್ಲ. ಟವರಿನಿಂದ ಹಾರುತ್ತದೆ.

1976ರ ಜುಲೈ 21ರಿಂದ 24ರವರೆಗೆ ಫಿಲಡೆಲ್ಫಿಯಾದ ಬೆಲ್ವ್ಯೂ-ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಸಮಾವೇಶ ನಡೆಯಿತು. ದೇಶ ಹುಟ್ಟಿ 200 ವರ್ಷ, ಎಲ್ಲೆಲ್ಲೂ ಸಂಭ್ರಮ. ಮನೆಗೆ ಮರಳಿದವರು ಒಬ್ಬೊಬ್ಬರಾಗಿ ಜ್ವರ, ನ್ಯುಮೋನಿಯಾ ಬಂದು ಮಲಗಿದರು. ಕಾಯಿಲೆ ಬಿದ್ದವರು 221, ಸತ್ತವರು 34. ಹಂದಿಜ್ವರವೇ, ನಿಕ್ಕಲ್ ವಿಷವೇ ಎಂದು ಹುಡುಕಾಟ ನಡೆಯಿತು. ನನ್ನನ್ನು ಇಂದಿಗೂ ಕಾಡುವ ಸಂಗತಿ ಬೇರೆ: ಕೆಲವರು ಹೋಟೆಲಿನೊಳಗೆ ಹೋದವರೇ ಅಲ್ಲ. ಹೊರಗಿನ ಬ್ರಾಡ್ ಸ್ಟ್ರೀಟಿನಲ್ಲಿ ಸುಮ್ಮನೆ ಓಡಾಡಿದವರು.

ಗಿರಾಕಿಗಳಿಲ್ಲದೆ ನವೆಂಬರಿನಲ್ಲಿ ಹೋಟೆಲ್ ಮುಚ್ಚಿತು. ಸಿಡಿಸಿಯ ವಿಜ್ಞಾನಿ ಜೋಸೆಫ್ ಮೆಕ್‌ಡೇಡ್ ಹಳೆಯ ಸ್ಲೈಡುಗಳನ್ನು ಮತ್ತೆ ನೋಡಲು ಕೂತರು. ಆ ಬ್ಯಾಕ್ಟೀರಿಯಾ ಸಿಕ್ಕ ಸುದ್ದಿ 1977ರ ಜನವರಿಯಲ್ಲಿ ಹೊರಬಿತ್ತು. ಅದಕ್ಕೆ ಲೀಜಿಯೊನೆಲ್ಲಾ ಎಂದೇ ಹೆಸರಾಯಿತು. ಬೆಚ್ಚಗಿನ ನೀರು, ಪಾಚಿ, ಲೋಳೆ ಅದಕ್ಕೆ ಹಬ್ಬದೂಟ. ಸರಿಯಾಗಿ ತೊಳೆಯದ ಕೂಲಿಂಗ್ ಟವರಿನಲ್ಲಿ ಇದೆಲ್ಲ ಇರುತ್ತದೆ. ಹೋಟೆಲಿನ ಟವರಿನ ಮೇಲೆ ಅನುಮಾನ ಬಂತು, ಪಕ್ಕಾ ಸಾಕ್ಷಿ ಸಿಗಲಿಲ್ಲ. ಆದರೆ 1968ರಲ್ಲಿ ಮಿಷಿಗನ್ನಿನ ಪಾಂಟಿಯಾಕ್ ಊರಿನಲ್ಲಿ 144 ಜನರಿಗೆ ಬಂದಿದ್ದ ನಿಗೂಢ ಜ್ವರದ ಗುಟ್ಟು ಆಗ ಬಯಲಾಯಿತು. ಕಟ್ಟಡದ ಕಂಡೆನ್ಸರಿನಿಂದ ಹೊರಟ ನೀರಿನ ಹನಿಗಳು ಏಸಿ ಗಾಳಿಗೆ ಸೇರಿದ್ದವು. ಆ ಕಟ್ಟಡ ಯಾವುದು ಗೊತ್ತೇ? ಜಿಲ್ಲಾ ಆರೋಗ್ಯ ಇಲಾಖೆಯದು! ಪುಣ್ಯಕ್ಕೆ ಯಾರೂ ಸಾಯಲಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ 2015ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಸೌತ್ ಬ್ರಾಂಕ್ಸಿನಲ್ಲಿ 138 ಜನ ಕಾಯಿಲೆ ಬಿದ್ದರು, 16 ಜನ ಸತ್ತರು. ಓಪೆರಾ ಹೌಸ್ ಹೋಟೆಲಿನ ಟವರಿನ ಬ್ಯಾಕ್ಟೀರಿಯಾ ರೋಗಿಗಳಲ್ಲಿ ಸಿಕ್ಕಿದ್ದಕ್ಕೆ ಹೊಂದಿತು. ಬೆರಗಿನ ಮಾತೆಂದರೆ, ನಗರದಲ್ಲಿ ಎಷ್ಟು ಕೂಲಿಂಗ್ ಟವರುಗಳಿವೆ, ಎಲ್ಲೆಲ್ಲಿವೆ ಎಂಬ ಪಟ್ಟಿಯೇ ಆಡಳಿತದ ಬಳಿ ಇರಲಿಲ್ಲ. ಅಧಿಕಾರಿಗಳು ಕಟ್ಟಡಗಳನ್ನು ಹುಡುಕಿಕೊಂಡು ಅಲೆಯಬೇಕಾಯಿತು. ಅದೇ ಆಗಸ್ಟಿನಲ್ಲಿ, ಪ್ರತಿ ಟವರನ್ನೂ ನೋಂದಾಯಿಸಿ ಆಗಾಗ ಪರೀಕ್ಷಿಸಬೇಕೆಂಬ ಕಾನೂನು ಬಂತು.

ಅಂದಹಾಗೆ, ನ್ಯೂಯಾರ್ಕಿಗೆ ಹೋದಾಗ ಛಾವಣಿಗಳ ಮೇಲೆ ಕಾಣುವ, ಮೊನಚು ಟೊಪ್ಪಿಯ ಮರದ ಪೀಪಾಯಿಗಳನ್ನು ನೋಡಿ ಗಾಬರಿಯಾಗಬೇಡಿ. ಅವು ಬಳಕೆ ನೀರಿನ ಟ್ಯಾಂಕುಗಳು. ಕೂಲಿಂಗ್ ಟವರಿಗೆ ಸಾಮಾನ್ಯವಾಗಿ ನೆತ್ತಿಯಲ್ಲಿ ಫ್ಯಾನು, ಪಕ್ಕದಲ್ಲಿ ಗಾಳಿಗೆ ಸೀಳುಗಂಡಿಗಳು ಇರುತ್ತವೆ.