ತಾತನ ತೋಟಾ ಲೆಕ್ಕ

ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿದರೆ ಊರ್ಗಾಂ, ಚಾಂಪಿಯನ್ ಬರುವಾಗ ಕಿಟಕಿಯಾಚೆ ಸೈನೈಡ್ ದಿಬ್ಬಗಳು ಕಾಣುತ್ತವೆ. ನನಗೆ ಮಾತ್ರ ಆಗ ನೆನಪಾಗುವುದು ನಮ್ಮ ತಾತನ ಬೆರಳುಗಳು. ಗಣಿಯಲ್ಲಿ ಸಿಡಿಮದ್ದು ತುಂಬುವ ಕೆಲಸ ಮಾಡಿಯೂ ಹತ್ತೂ ಬೆರಳು ಉಳಿಸಿಕೊಂಡು ನಿವೃತ್ತನಾದೆ ಅನ್ನುವುದೊಂದೇ ಅವರ ಹೆಮ್ಮೆ!

ನಮ್ಮಲ್ಲಿ ತೋಟಾ ಅಂದರೆ ಬಂದೂಕಿನದೂ ಹೌದು, ಬಂಡೆ ಸಿಡಿಸುವುದೂ ಹೌದು. ಎರಡಕ್ಕೂ ನಿಯಮ ಒಂದೇ: ಅವಸರ ಬೇಡ, ಲೆಕ್ಕ ತಪ್ಪಬೇಡ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕೋಲಾರಕ್ಕೆ ಬರುವ ಹೊತ್ತಿಗೆ ಡೈನಮೈಟ್ ಇನ್ನೂ ಹೊಸದು. ಮುಟ್ಟಿದರೆ ಮುನಿಯುವ ನೈಟ್ರೋಗ್ಲಿಸರಿನ್ ದ್ರವವನ್ನು ಒಂದು ಬಗೆಯ ಮಣ್ಣಿಗೆ ಹೀರಿಸಿ, ಆಲ್ಫ್ರೆಡ್ ನೊಬೆಲ್ 1867ರಲ್ಲಿ ಅದಕ್ಕೆ ಪೇಟೆಂಟ್ ಪಡೆದಿದ್ದ. ನಿಧಾನವಾಗಿ ಉರಿಯುವ ಸುರಕ್ಷಾ ಬತ್ತಿ ಅದಕ್ಕೂ ಹಳೆಯದು. 1831ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ವಿಲಿಯಂ ಬಿಕ್‌ಫೋರ್ಡ್ ಮಾಡಿದ್ದು. ಕೆ.ಜಿ.ಎಫ್.ಗೆ ಬಂದ ಎಷ್ಟೋ ಗಣಿ ಮೇಸ್ತ್ರಿಗಳ ಊರೂ ಅದೇ ಕಾರ್ನ್‌ವಾಲ್!

ತಾತ ಹೇಳುತ್ತಿದ್ದದ್ದು ಹೀಗೆ. ಕೊರೆದ ತೂತನ್ನು ಮೊದಲು ಚೊಕ್ಕ ಮಾಡಬೇಕು. ತೋಟಾ ತಳ್ಳಲು ಮರದ ಕೋಲೇ ಬೇಕು, ಕಬ್ಬಿಣ ತಾಗಿದರೆ ಕಿಡಿ. ಡಿಟೊನೇಟರ್ ಮತ್ತು ತೋಟಾ ಒಂದೇ ಪೆಟ್ಟಿಗೆಯಲ್ಲಿ ಬರಕೂಡದು. ಬಾಯಿಗೆ ಜೇಡಿಮಣ್ಣು ಮೆತ್ತಿ, ಬತ್ತಿ ಹಚ್ಚಿ, ದೂರ ಹೋಗಿ ಕಿವಿಗೊಟ್ಟು ಎಣಿಸಬೇಕು. ಹನ್ನೆರಡು ತೂತಿಗೆ ಹನ್ನೊಂದೇ ಸದ್ದು ಕೇಳಿದರೆ? ಒಂದು ಒಳಗೇ ಜೀವಂತವಾಗಿದೆ ಅಂತ. ಅದನ್ನು ಕೆದಕುವಂತಿಲ್ಲ, ಆ ಹಳೇ ತೂತಲ್ಲಿ ಮತ್ತೆ ಡ್ರಿಲ್ ಇಡುವಂತಿಲ್ಲ. ಮುಂದಿನ ಪಾಳಿಯವರಿಗೆ ಹೇಳದೆ ಮನೆಗೆ ಹೋದರೆ, ಸಾಯುವವನು ನೀನಲ್ಲ, ಅವನು. ಇದನ್ನು ಹೇಳುವಾಗ ಮಾತ್ರ ತಾತನ ದನಿ ಗಟ್ಟಿಯಾಗುತ್ತಿತ್ತು.

ದೀಪಾವಳಿಯಲ್ಲಿ ಅವರು ಜಗಲಿಯಲ್ಲಿ ಕೂತು ಪಟಾಕಿ ಎಣಿಸುತ್ತಿದ್ದರು. ಠುಸ್ಸಾದದ್ದನ್ನು ಮುಟ್ಟಲು ಹೋಗಿ ನಾನು ತಿಂದ ಏಟು ಈಗಲೂ ನೆನಪಿದೆ.

ಕೆಲಸದಿಂದ ಬಂದಾಗ ಅವರಿಗೆ ವಿಪರೀತ ತಲೆನೋವು. ಅಜ್ಜಿ ಅದನ್ನು ಪಾತಾಳದ ಸೆಕೆ ಅನ್ನುತ್ತಿದ್ದಳು. ನೈಟ್ರೋಗ್ಲಿಸರಿನ್ ಚರ್ಮದ ಮೂಲಕ ಒಳಗೆ ಹೋಗಿ ರಕ್ತನಾಳ ಹಿಗ್ಗಿಸುತ್ತದೆ, ತಲೆನೋವು ಅದರಿಂದಲೂ ಬರುತ್ತದೆ ಅಂತ ನನಗೆ ತಿಳಿದದ್ದು ಬಹಳ ತಡವಾಗಿ. ಇದೇ ಗುಣದಿಂದ ಅದು ಎದೆನೋವಿಗೆ ಔಷಧಿ. 1896ರಲ್ಲಿ, ಸಾಯುವ ವರ್ಷ, ನೊಬೆಲ್‌ಗೂ ವೈದ್ಯರು ಅದನ್ನೇ ಬರೆದುಕೊಟ್ಟಿದ್ದರಂತೆ. ಕೊನೆಗಾಲದಲ್ಲಿ ನಮ್ಮ ತಾತನೂ ಅದೇ ಗುಳಿಗೆ ನಾಲಿಗೆ ಕೆಳಗಿಟ್ಟುಕೊಂಡರು. ಹೆಸರು ಹೇಳಿದಾಗ ನಕ್ಕು, "ಇದು ಇನ್ನೂ ನನ್ನ ಬಿಟ್ಟಿಲ್ವಾ?" ಅಂದರು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನದ ಲೆಕ್ಕ ಪುಸ್ತಕಗಳಲ್ಲಿದೆ. ಕತ್ತಲಲ್ಲಿ ಕಿವಿಗೊಟ್ಟು ಎಣಿಸಿದ ಸದ್ದುಗಳ ಲೆಕ್ಕ ಯಾರ ಹತ್ತಿರ ಇದೆ? ನಿಮ್ಮ ಮನೆಯಲ್ಲೂ ಅಂಥ ಎಣಿಸುವ ಹಿರಿಯರಿದ್ದರೆ ಇವತ್ತೇ ಕೂತು ಕೇಳಿಬಿಡಿ. ಆಮೇಲೆ ನನ್ನ ಹಾಗೆ ರೈಲಿನ ಕಿಟಕಿ ನೋಡುತ್ತಾ ಕೂರಬೇಕಾಗುತ್ತದೆ...