ವೈಫೈ ಅಡಾಪ್ಟರ್‌ ಭದ್ರತೆ

ಲ್ಯಾಪ್‌ಟಾಪಿನೊಳಗಿನ ವೈಫೈ ಕಾರ್ಡು ಅಥವಾ ಯುಎಸ್‌ಬಿಗೆ ಸಿಕ್ಕಿಸುವ ಡಾಂಗಲ್ ರೂಟರಿನೊಡನೆ ಯಾವ ಗೂಢಲಿಪಿಯಲ್ಲಿ ಮಾತಾಡಬೇಕು, ಯಾವ ಕೀಲಿ ತೋರಿಸಿ ಒಳಗೆ ಹೋಗಬೇಕು ಎಂಬುದನ್ನು ಗೊತ್ತುಮಾಡುವ ವ್ಯವಸ್ಥೆ. ಸೆಟ್ಟಿಂಗ್ಸ್ ತೆರೆದರೆ ಓಪನ್, ವೆಪ್, ಡಬ್ಲ್ಯುಪಿಎ, ಡಬ್ಲ್ಯುಪಿಎ2, ಡಬ್ಲ್ಯುಪಿಎ3 ಎಂಬ ಪಟ್ಟಿ ಕಾಣುತ್ತದೆ. ಇದರ ಇತಿಹಾಸವೆಲ್ಲ ಆ ಪಟ್ಟಿಯಲ್ಲೇ ಇದೆ. ಒಂದು ಬೀಗ ಮುರಿದಾಗಲೆಲ್ಲ ಇನ್ನೊಂದು ಹೆಸರು ಸೇರಿದೆ, ಆದರೆ ಮುರಿದದ್ದನ್ನು ಯಾರೂ ಬೇಗ ತೆಗೆದುಹಾಕಿಲ್ಲ.

ಮೊದಲ ಬೀಗ ವೆಪ್. 1997ರಲ್ಲಿ ನಿಸ್ತಂತು ಜಾಲದ ಮೊದಲ ಮಾನಕ 802.11 ಹೊರಬಂದಾಗ ಅದರ ಜೊತೆಗೇ ಬಂತು. ಅಮೆರಿಕದ ರಫ್ತು ನಿರ್ಬಂಧಗಳಿಂದಾಗಿ ಕೀಲಿಯ ಉದ್ದ ಬರೀ 40 ಬಿಟ್, ಅಂದರೆ ಐದು ಅಕ್ಷರ. ಆಮೇಲೆ 104 ಬಿಟ್ ಬಂದಾಗ 26 ಅಂಕಿ-ಅಕ್ಷರಗಳನ್ನು ಒಂದೂ ತಪ್ಪದೆ ಟೈಪ್ ಮಾಡಬೇಕಿತ್ತು. ಆ ಕಾಲದಲ್ಲಿ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿಕೊಂಡವರನ್ನು ಬೈಯುವಂತಿಲ್ಲ. ಇಷ್ಟು ಪಾಡುಪಟ್ಟರೂ ದೋಷ ಬೇರೆಲ್ಲೋ ಇತ್ತು. ಕಳಿಸುವ ಪ್ರತಿ ದತ್ತಾಂಶ ಪೊಟ್ಟಣದ (ಪ್ಯಾಕೆಟ್) ಜೊತೆ ಬದಲಾಗಬೇಕಿದ್ದ ಸಂಖ್ಯೆಗೆ 24 ಬಿಟ್ ಮಾತ್ರ ಜಾಗ; 1,67,77,216 ಸಂಖ್ಯೆ ಮುಗಿದರೆ ಹಳೆಯದೇ ಮರಳಬೇಕು. 2001ರಲ್ಲಿ ಫ್ಲುಹ್ರರ್, ಮಾಂಟಿನ್, ಶಮೀರ್ ಎಂಬ ಮೂವರು ವೆಪ್ಪಿನ ಗೂಢಲಿಪಿ ಆರ್‌ಸಿ4ನ ದೌರ್ಬಲ್ಯ ತೋರಿಸಿದರು. 2007ರ ಹೊತ್ತಿಗೆ ವೆಪ್ ಒಡೆಯಲು ಒಂದು ನಿಮಿಷ ಸಾಕಾಗಿತ್ತು.

2003ರ ಡಬ್ಲ್ಯುಪಿಎ ತೇಪೆ ಕೆಲಸ. ಹಳೆಯ ಕಾರ್ಡುಗಳೇ ಸಾಫ್ಟ್‌ವೇರ್ ಬದಲಾವಣೆಯಿಂದ ನಡೆಯಲಿ ಎಂದು ಆರ್‌ಸಿ4 ಮೇಲೆಯೇ ಟಿಕಿಪ್ ಎಂಬ ಹೊದಿಕೆ ಹಾಕಿದರು. ನಿಜವಾದ ಪರಿಹಾರ 2004ರ ಡಬ್ಲ್ಯುಪಿಎ2. ಅದರ ಎಇಎಸ್ ಗೂಢಲಿಪಿ ಇಂದಿಗೂ ಗಟ್ಟಿ. 2006ರ ಮಾರ್ಚಿನಿಂದ ವೈಫೈ ಪ್ರಮಾಣಪತ್ರ ಬೇಕೆನ್ನುವ ಪ್ರತಿ ಉಪಕರಣಕ್ಕೂ ಅದು ಕಡ್ಡಾಯವಾಯಿತು.

ಭಾರತದಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿ ಪರವಾನಗಿಯಿಂದ ಮುಕ್ತವಾದದ್ದು 2005ರಲ್ಲಿ. ವೈಫೈಗೆ ಬೀಗ ಹಾಕಬೇಕೆಂಬ ಮಾತು ಸರ್ಕಾರದ ಕಿವಿಗೆ ಬಿದ್ದದ್ದು ಮಾತ್ರ ದುರಂತದ ನಂತರ. 2008ರ ಜುಲೈ 25ರಂದು ಬೆಂಗಳೂರಿನಲ್ಲಿ, ಮರುದಿನ ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳಾದವು. ಅಹಮದಾಬಾದ್ ಸ್ಫೋಟಕ್ಕೆ ನಿಮಿಷಗಳ ಮೊದಲು ಮಾಧ್ಯಮಗಳಿಗೆ ಹೋದ ಇಮೇಲಿನ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬೈಯ ಒಂದು ಫ್ಲಾಟಿಗೆ. ಅಲ್ಲಿನ ವೈಫೈಗೆ ಸರಿಯಾದ ಬೀಗವಿರಲಿಲ್ಲ. ಯಾರೋ ಹೊರಗಿನಿಂದ ಬಳಸಿದ್ದರು. 2009ರ ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆ ಇಂಟರ್‌ನೆಟ್ ಕಂಪನಿಗಳಿಗೆ ಸೂಚನೆ ಕೊಟ್ಟಿತು: ಬಳಸುವವರ ಗುರುತು ದಾಖಲಾಗದೆ ವೈಫೈ ಕೊಡಬಾರದು.

ಆ ಸೂಚನೆಯ ಫಲ ಕರ್ನಾಟಕದಲ್ಲಿ ಕಂಡದ್ದು 2014ರ ಜನವರಿಯಲ್ಲಿ, ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ‘ನಮ್ಮ ವೈಫೈ’ ಎಂಬ ಸಾರ್ವಜನಿಕ ವೈಫೈ ಶುರುವಾದಾಗ. ಮೊಬೈಲ್ ನಂಬರ್ ಕೊಡಬೇಕಿತ್ತು, ಒಟಿಪಿ ಬರಬೇಕಿತ್ತು, ಆಮೇಲೆ ಇಂಟರ್‌ನೆಟ್. ಇಲ್ಲೊಂದು ಗೊಂದಲವನ್ನು ಬಿಡಿಸಬೇಕು. ಒಟಿಪಿ ನೀವು ಯಾರೆಂದು ಹೇಳುತ್ತದೆಯೇ ಹೊರತು ಗಾಳಿಯಲ್ಲಿ ಹೋಗುವ ಮಾತನ್ನು ಮುಚ್ಚುವುದಿಲ್ಲ. ಇಂಥ ಕಡೆ ಅಡಾಪ್ಟರ್ ತೋರಿಸುವ ಭದ್ರತೆ ಸಾಮಾನ್ಯವಾಗಿ ‘ಓಪನ್’ ಎಂದೇ ಇರುತ್ತದೆ.

ವೈಫೈ ಈಗ ನಗರಕ್ಕಷ್ಟೇ ಸೀಮಿತವಲ್ಲ. ಗೌರಿಬಿದನೂರಿನಿಂದ ಬೇರೆಯಾಗಿ ತಾಲ್ಲೂಕಾದ ಮಂಚೇನಹಳ್ಳಿಯಂಥ ಊರುಗಳಿಗೆ ಈಗ ಫೈಬರ್ ಬಂದಿದೆ. ಪಹಣಿ ಪ್ರಿಂಟ್ ಕೊಡುವ ಅಂಗಡಿಗೂ ರೂಟರ್ ಬೇಕು. ಅದೇ ಜಿಲ್ಲೆಯ ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಂತೂ ಇ-ಹರಾಜು ಬಂದ ಮೇಲೆ ನೂಲು ತೆಗೆಯುವ ರೀಲರುಗಳು ಬೆಲೆ ಕೂಗುವುದೂ ಮೊಬೈಲಿನಲ್ಲೇ. ಆದರೆ ಇಂಥ ಕಡೆ ಬಳಕೆಯಲ್ಲಿರುವ ಯಂತ್ರಗಳೆಲ್ಲ ಹೊಸವಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಹಳೆಯ ಡಾಂಗಲ್‌ಗೆ ಎಇಎಸ್ ಬಾರದಿದ್ದರೆ ರೂಟರನ್ನು ಡಬ್ಲ್ಯುಪಿಎ-ಡಬ್ಲ್ಯುಪಿಎ2 ಮಿಶ್ರಕ್ಕೆ ಇಳಿಸುತ್ತಾರೆ. ಆಗ ಎಲ್ಲರಿಗೂ ಒಟ್ಟಾಗಿ ಕಳಿಸುವ ಸಂದೇಶಗಳು ಟಿಕಿಪ್‌ಗೇ ಇಳಿಯುತ್ತವೆ. ಒಂದು ಡಾಂಗಲ್ಲಿನಿಂದ ಇಡೀ ಮನೆಗೆ ನಷ್ಟ.

ಪಾಸ್‌ವರ್ಡಿನ ಕತೆಯೂ ಅಷ್ಟೆ. ಕನಿಷ್ಠ ಎಂಟು ಅಕ್ಷರ ಬೇಕೆಂದಾಗ ಹಲವರು ಕೊಡುವುದು ತಮ್ಮ ಹತ್ತಂಕಿಯ ಮೊಬೈಲ್ ನಂಬರ್. 6ರಿಂದ 9ರೊಳಗೆ ಶುರುವಾಗುವ ಅಂಥ ಸಂಖ್ಯೆಗಳು 400 ಕೋಟಿ. ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಕೆಲವೇ ಗಂಟೆಗಳ ಕೆಲಸ. ಗುಂಡಿ ಒತ್ತಿ ಸೇರಿಸುವ, ಪಿನ್ ಹಾಕಿ ಸೇರಿಸುವ ಡಬ್ಲ್ಯುಪಿಎಸ್ ಇನ್ನೂ ಸಡಿಲ. ಅದರ ಎಂಟಂಕಿಯ ಪಿನ್ನನ್ನು ರೂಟರ್ ಎರಡು ತುಂಡಾಗಿ ಪರೀಕ್ಷಿಸುವುದರಿಂದ 11,000 ಯತ್ನ ಸಾಕೆಂದು 2011ರಲ್ಲಿ ಬಯಲಾಯಿತು.

2017ರಲ್ಲಿ ಬೆಲ್ಜಿಯಮ್ಮಿನ ಮ್ಯಾಥಿ ವ್ಯಾನ್‌ಹೂಫ್ ಡಬ್ಲ್ಯುಪಿಎ2ರಲ್ಲೂ ‘ಕ್ರ್ಯಾಕ್’ ಎಂಬ ಬಿರುಕು ತೋರಿಸಿದರು. ಇದಕ್ಕೆ ಮುಖ್ಯವಾಗಿ ರಿಪೇರಿ ಬೇಕಿದ್ದದ್ದು ರೂಟರಿಗಲ್ಲ, ಅಡಾಪ್ಟರ್ ಇರುವ ಫೋನು, ಲ್ಯಾಪ್‌ಟಾಪುಗಳಿಗೆ. ಮರುವರ್ಷ ಡಬ್ಲ್ಯುಪಿಎ3 ಬಂತು. ಇದರಲ್ಲಿ ಗಾಳಿಯಿಂದ ಹಿಡಿದ ಸಂಕೇತವನ್ನು ಮನೆಗೊಯ್ದು ಪಾಸ್‌ವರ್ಡ್ ಊಹಿಸುತ್ತ ಕೂರುವಂತಿಲ್ಲ. 2020ರ ಜುಲೈಯಿಂದ ಹೊಸ ಪ್ರಮಾಣಪತ್ರಗಳಿಗೆ ಇದು ಕಡ್ಡಾಯ.

ವಿಂಡೋಸ್ 10ರಲ್ಲಿ ಡಬ್ಲ್ಯುಪಿಎ3ಗೆ ಬೆಂಬಲ ಬಂದದ್ದು 2019ರಲ್ಲಿ. ಆದರೆ ಅಡಾಪ್ಟರಿನ ಡ್ರೈವರ್ ಒಪ್ಪದಿದ್ದರೆ ಆ ಹೆಸರು ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಕಾಣದಿದ್ದರೆ ಡಬ್ಲ್ಯುಪಿಎ2-ಎಇಎಸ್ ಆಯ್ದು, ಡಬ್ಲ್ಯುಪಿಎಸ್ ಆಫ್ ಮಾಡಿ, ಮೊಬೈಲ್ ನಂಬರ್ ಅಲ್ಲದ ಉದ್ದನೆಯ ಪಾಸ್‌ವರ್ಡ್ ಇಟ್ಟುಕೊಳ್ಳಿ.