ನಿಂತು ಕುಡಿದ ಕಾಫಿ

ಮೊನ್ನೆ ಭಾನುವಾರ ಬೆಳಗ್ಗೆ ಮಗಳಿಗೆ ಮಸಾಲೆ ದೋಸೆಯ ನೆನಪಾಯ್ತು. "ಬಾ, ನಡ್ಕೊಂಡೇ ಹೋಗಿ ತಿಂದು ಬರೋಣ" ಅಂದೆ. ನಮ್ಮ ಸಹಕಾರನಗರದ ಅರವತ್ತಡಿ ರಸ್ತೆಯಲ್ಲಿ ಈಗ ಹೋಟೆಲುಗಳಿಗೇನು ಬರವೇ? ಅವಳು ಮೂತಿ ಸೊಟ್ಟ ಮಾಡಿ, "ಅಲ್ಲಿ ನಿಂತ್ಕೊಂಡು ತಿನ್ಬೇಕು, ಪಕ್ಕದಲ್ಲಿ ಯಾರ್ಯಾರೋ ಇರ್ತಾರೆ. ಮನೆಗೇ ತರಿಸೋಣ ಅಪ್ಪಾ" ಅಂದಳು. ಆಗಲೇ ಫೋನು ಕೈಯಲ್ಲಿತ್ತು.

ಸರಿ, ತರಿಸಿದ್ದಾಯ್ತು. ಅವಳು ಹೇಳಿದ್ದರಲ್ಲಿ ದೊಡ್ಡ ತಪ್ಪೇನೂ ಇರಲಿಲ್ಲ ಬಿಡಿ. ಆದರೆ "ನಿಂತ್ಕೊಂಡು", "ಯಾರ್ಯಾರೋ" ಅನ್ನೋ ಆ ಎರಡು ಮಾತು ಇಡೀ ದಿನ ತಲೆ ಕೊರೀತಾನೇ ಇತ್ತು. ಬೆಂಗಳೂರಿನ ಹೋಟೆಲುಗಳ ಬಗ್ಗೆ ನಾವೆಲ್ಲ ಬರೆಯೋವಾಗ ಎಲ್ಲಿ ದೋಸೆ ಗರಿಗರಿ, ಎಲ್ಲಿ ಚಟ್ನಿ ಖಾರ ಅಂತ ಬರೆದು ಬಾಯಿ ಚಪ್ಪರಿಸಿಕೊಂಡು ಮುಗಿಸ್ತೀವಿ. ನಾನೂ ಬರೆದಿದ್ದೀನಿ :) ಆದರೆ ಅಲ್ಲಿ ಯಾರ ಪಕ್ಕ ಯಾರು ಕೂತು ತಿನ್ನಬಹುದಿತ್ತು ಅನ್ನೋದನ್ನ ಅಷ್ಟಾಗಿ ಕೇಳಿಕೊಳ್ಳೋದಿಲ್ಲ. ಇವತ್ತು ಅದನ್ನೇ ಬರೆಯೋಣ ಅಂತ ಕೂತಿದ್ದೀನಿ. ಕೊನೆಯಲ್ಲಿ ನಮ್ಮಪ್ಪನ ಒಂದು ಲೋಟ ಕಾಫಿಯ ಕಥೆಯೂ ಇದೆ.

*

ನಮ್ಮಜ್ಜಿ ಸಾಯೋವರೆಗೂ ಹೋಟೆಲಿನಲ್ಲಿ ಒಂದು ತೊಟ್ಟು ನೀರೂ ಕುಡಿದವಳಲ್ಲ. ದೊಡ್ಡಬಳ್ಳಾಪುರದಿಂದ ತಿರುಪತಿಗೆ ಹೊರಟರೂ ಬುತ್ತಿ ಗಂಟು, ತಾಮ್ರದ ಚೊಂಬು ಜೊತೆಗೇ. "ಯಾರು ಮಾಡಿದ್ದೋ, ಯಾರು ಮುಟ್ಟಿದ್ದೋ" ಅನ್ನೋದು ಅವಳ ಮಾತು. ನೂರು ವರ್ಷದ ಹಿಂದೆ ಮಡಿವಂತರ ಮನೆಗಳಲ್ಲಿ ಹೊರಗೆ ತಿನ್ನೋದು ಅಂದ್ರೆ ಜಾತಿ ಕೆಡಿಸಿಕೊಳ್ಳೋದು ಅಂತಲೇ ಲೆಕ್ಕ.

ಆದರೆ ಬೆಂಗಳೂರು ಬೆಳೀತಿತ್ತು. ಕಚೇರಿ ಗುಮಾಸ್ತರು, ಕೋರ್ಟಿಗೆ ಅಲೆಯುವವರು, ಪರಊರಿನಿಂದ ಓದೋಕೆ ಬಂದ ಹುಡುಗರು... ಇವರಿಗೆಲ್ಲ ಹೊಟ್ಟೆ ಅನ್ನೋದೊಂದು ಇತ್ತಲ್ಲ! ಮಡಿಯೂ ಉಳೀಬೇಕು, ಹಸಿವೂ ತೀರಬೇಕು. ಅದಕ್ಕೆ ಸಿಕ್ಕಿದ ಉಪಾಯ ಬಾಗಿಲ ಮೇಲಿನ ಬೋರ್ಡು. ಬೋರ್ಡಿನ ಮೇಲೆ 'ಬ್ರಾಹ್ಮಣ' ಅನ್ನೋ ಪದ ಇದ್ದರೆ ಒಳಗೆ ಒಲೆ ಮುಂದೆ ನಿಂತಿರೋರು ಯಾರು ಅಂತ ಬೀದಿಯಲ್ಲೇ ಗೊತ್ತಾಗುತ್ತಿತ್ತು. ಮಡಿವಂತನೂ ಅತ್ತಿತ್ತ ನೋಡಿ ಒಳಗೆ ನುಗ್ಗಬಹುದಿತ್ತು.

ಇವತ್ತು ನಾವೆಲ್ಲ ಕ್ಯೂ ನಿಲ್ಲೋ ಎಂ.ಟಿ.ಆರ್. 1924ರಲ್ಲಿ ಶುರುವಾದದ್ದೂ 'ಬ್ರಾಹ್ಮಣ ಕಾಫಿ ಕ್ಲಬ್' ಅನ್ನೋ ಹೆಸರಿನಲ್ಲೇ. ಉಡುಪಿ ಸೀಮೆಯಿಂದ ಬಂದ ಪರಮೇಶ್ವರ ಮಯ್ಯರು ಸೋದರರ ಜೊತೆ ಸೇರಿ ಶುರು ಮಾಡಿದ್ದು. ಮಾವಳ್ಳಿ ಟಿಫನ್ ರೂಮ್ಸ್ ಅನ್ನೋ ಹೆಸರು ಬಂದಿದ್ದು 1960ರಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಇದ್ದಾಗ ರವೆ ಇಡ್ಲಿ ಕಂಡುಹಿಡಿದದ್ದು ತಾವೇ ಅಂತ ಅವರು ಹೇಳಿಕೊಳ್ತಾರೆ. ಆ ಕಥೆ ನಿಮಗೆಲ್ಲ ಗೊತ್ತಿರೋದೇ. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಇನ್ನೊಂದು ಸಂಗತಿ. ಆ ಸೋದರರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿಯ ಹೋಟೆಲುಗಳು ಹೇಗೆ ನಡೀತಾವೆ ಅಂತ ನೋಡಿಕೊಂಡು ಬಂದರು. ಬಂದವರೇ ಲೋಟ, ತಟ್ಟೆ, ಚಮಚಗಳನ್ನು ಹಬೆಯಲ್ಲಿ ಶುದ್ಧ ಮಾಡೋ ವ್ಯವಸ್ಥೆ ತಂದರು. ನಮ್ಮಜ್ಜಿ ಕೇಳುತ್ತಿದ್ದ "ಯಾರು ಮುಟ್ಟಿದ್ದೋ" ಅನ್ನೋ ಪ್ರಶ್ನೆ ಅಲ್ಲಿ ಮೆಲ್ಲಗೆ "ಹೇಗೆ ತೊಳೆದದ್ದೋ" ಅಂತ ಬದಲಾಯ್ತು. ಸಣ್ಣ ಬದಲಾವಣೆ ಅಲ್ಲ ಅದು.

ಹೀಗೆ ಕರಾವಳಿಯಿಂದ ಬಂದವರು ಬೀದಿಗೊಂದು ಹೋಟೆಲು ತೆಗೆದರು. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರದ್ದು, ಹೆಸರೇ ಹೇಳೋ ಹಾಗೆ ಓದೋ ಹುಡುಗರನ್ನ ನಂಬಿಕೊಂಡು ಹುಟ್ಟಿದ್ದು. ತೆರೆದಿದ್ದಾಯ್ತು, ಸರಿ. ಆದರೆ ಒಳಗೆ ಯಾರು ಬರಬಹುದು?

*

ನಮ್ಮ ಸಂವಿಧಾನದಲ್ಲಿ ಹೋಟೆಲಿನ ಮಾತು ಇದೆ ಅಂತ ನಿಮಗೆ ಗೊತ್ತಾ? ನನಗೆ ಬಹಳ ವರ್ಷ ಗೊತ್ತಿರಲಿಲ್ಲ. 15ನೇ ವಿಧಿಯ ಎರಡನೇ ಭಾಗ ಓದಿ ನೋಡಿ. ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಇವುಗಳ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಿಂದ ದೂರ ಇಡುವ ಹಾಗಿಲ್ಲ ಅನ್ನುತ್ತೆ ಅದು. ದೇಶದ ಮೂಲ ಕಾನೂನು ಬರೆಯಲು ಕೂತವರು ಕಾಫಿ ತಿಂಡಿ ಮಾರೋ ಜಾಗವನ್ನೂ ಬಿಡದೆ ಸೇರಿಸಿದ್ದಾರೆ ಅಂದ್ರೆ, ಆ ಬಾಗಿಲಲ್ಲಿ ಎಷ್ಟು ಜನ ವಾಪಸ್ಸು ಹೋಗಿರಬೇಕು ಲೆಕ್ಕ ಹಾಕಿ. ಅದು ಜಾರಿಗೆ ಬಂದದ್ದು 1950ರ ಜನವರಿ 26ರಂದು. ಆಮೇಲೆ 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. ಅದರಲ್ಲಿ ಹೋಟೆಲಿನೊಳಗೆ ಬಿಡದೆ ಇರೋದಷ್ಟೇ ಅಲ್ಲ, ಅಲ್ಲಿಯ ಪಾತ್ರೆಗಳನ್ನು ಬಳಸಲು ಬಿಡದೆ ಇರೋದೂ ಅಪರಾಧ ಅಂತ ಬಿಡಿಸಿ ಬರೆದರು. ಲೋಟದ ತನಕ ಬಂತು ಕಾನೂನು!

ಬೋರ್ಡಿನ ಜಗಳ ಪಕ್ಕದ ಮದರಾಸಿನಲ್ಲಿ ಬೀದಿಗೇ ಬಂದಿತ್ತು. ಟ್ರಿಪ್ಲಿಕೇನಿನ ಮುರಳಿ ಕೆಫೆಯ ಬೋರ್ಡಿನಿಂದ 'ಬ್ರಾಹ್ಮಣ' ಅನ್ನೋ ಪದ ತೆಗೀಬೇಕು ಅಂತ ಪೆರಿಯಾರ್ ಕಡೆಯವರು 1957ರಲ್ಲಿ ಚಳವಳಿ ಹೂಡಿದ್ದರು.

ಅದೇ 1957ರಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಸಂಗತಿ ನಡೀತು. ಕಾಫಿ ಮಂಡಳಿ ತಾನು ನಡೆಸುತ್ತಿದ್ದ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸ ಹೋಗೋ ಹಂತಕ್ಕೆ ಬಂದ ಸಪ್ಲಯರುಗಳು, ಅಡುಗೆಯವರು, ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ತಾವೇ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1957ರ ಆಗಸ್ಟ್ 19ರಂದು. ಕಾಫಿ ತಂದುಕೊಡೋನೇ ಹೋಟೆಲಿನ ಪಾಲುದಾರ! ಎಂ.ಜಿ. ರಸ್ತೆಯ ಅವರ ಕಾಫಿ ಹೌಸು 2009ರಲ್ಲಿ ಮುಚ್ಚಿ ಚರ್ಚ್ ಸ್ಟ್ರೀಟಿಗೆ ಹೋದಾಗ ಎಷ್ಟು ಜನ ಕಣ್ಣೀರು ಹಾಕಿದ್ದರು ನೆನಪಿದೆಯಾ? ನಾನು ಪ್ರತಿದಿನ ಬಸ್ಸಿನ ಬೋರ್ಡಿನಲ್ಲಿ 'ಸಹಕಾರನಗರ' ಅಂತ ಓದ್ತೀನಿ. ನಮ್ಮ ಬಡಾವಣೆಗೆ ಹೆಸರು ಕೊಟ್ಟದ್ದು ಮನೆ ಕಟ್ಟಿಕೊಳ್ಳೋ ಸಹಕಾರ. ಕಾಫಿ ಕೊಡೋ ಸಹಕಾರವೂ ಈ ಊರಲ್ಲಿ ಹುಟ್ಟಿತ್ತು ಅಂತ ತಿಳಿದಾಗ ಒಂಥರಾ ಖುಷಿಯಾಯ್ತು.

ಹೆಂಗಸರ ಕಥೆ ಬೇರೆಯೇ. ನಮ್ಮಮ್ಮ ಮೊದಲ ಸಲ ಹೋಟೆಲಿಗೆ ಹೋದದ್ದು ಮದುವೆಯಾದ ಮೇಲೆ, ಮಲ್ಲೇಶ್ವರದಲ್ಲಿ. 'ಫ್ಯಾಮಿಲಿ ರೂಂ' ಅಂತ ಒಂದು ಗೂಡು, ಅದಕ್ಕೊಂದು ಕೊಳೆ ಪರದೆ. "ಖಾಲಿ ದೋಸೆ ತಿಂದೆನೋ, ಪರದೆ ವಾಸನೆ ತಿಂದೆನೋ ಗೊತ್ತಾಗ್ಲಿಲ್ಲ" ಅಂತ ಈಗಲೂ ನಗ್ತಾಳೆ. ಒಬ್ಬಳೇ ಹೋಗಿ ಕಾಫಿ ಕುಡಿಯೋದು ಅವಳ ಕನಸಿನಲ್ಲೂ ಇರಲಿಲ್ಲ.

*

ಇನ್ನು ದರ್ಶಿನಿಯ ವಿಷಯ. 1983ರಲ್ಲಿ ಆರ್. ಪ್ರಭಾಕರ್ ಅನ್ನೋರು ಜಯನಗರದಲ್ಲಿ 'ಕೆಫೆ ದರ್ಶಿನಿ' ತೆಗೆದರು. ಕುರ್ಚಿ ಇಲ್ಲ, ಮಾಣಿ ಇಲ್ಲ, ಟಿಪ್ಸ್ ಇಲ್ಲ. ಮೊದಲು ದುಡ್ಡು ಕೊಟ್ಟು ಟೋಕನ್ ತಗೋಬೇಕು, ಕೌಂಟರಿನಲ್ಲಿ ಕೊಟ್ಟು ತಟ್ಟೆ ಈಸ್ಕೋಬೇಕು, ಎದೆಮಟ್ಟದ ಟೇಬಲ್ಲಿನ ಮೇಲಿಟ್ಟು ನಿಂತೇ ತಿನ್ನಬೇಕು. ಅಡುಗೆ ಮಾಡೋದು ಕಣ್ಣೆದುರಿಗೇ. ಲೆಕ್ಕಾಚಾರ ಸರಳ. ಜಾಗ ಚಿಕ್ಕದಾದ್ದರಿಂದ ಬಾಡಿಗೆ ಕಡಿಮೆ, ಆಳು ಕಡಿಮೆ, ನಿಂತವನು ಹತ್ತು ನಿಮಿಷಕ್ಕೆ ಜಾಗ ಖಾಲಿ ಮಾಡ್ತಾನೆ. ಅದಕ್ಕೇ ಇಡ್ಲಿ ಅಗ್ಗ. ನೋಡನೋಡ್ತಾ ಊರು ತುಂಬಾ ದರ್ಶಿನಿಗಳು, ಸಾಗರ್‌ಗಳು ಎದ್ದವು.

ಇದರಲ್ಲಿ ಸಮಾಜ ಸುಧಾರಣೆಯ ಉದ್ದೇಶ ಏನೂ ಇರಲಿಲ್ಲ, ಬರೀ ವ್ಯಾಪಾರ. ಆದರೆ ಪರಿಣಾಮ ನೋಡಿ. ಕೂರೋಕೆ ಜಾಗವೇ ಇಲ್ಲದ ಮೇಲೆ ಒಳಗೆ ಕೂರಿಸೋದು, ಹೊರಗೆ ನಿಲ್ಲಿಸೋದು ಅನ್ನೋ ಮಾತೆಲ್ಲಿ? ಟೋಕನ್ನಿಗೆ ಜಾತಿ ಇಲ್ಲ. ಬೆಳಗ್ಗೆ ಆರೂವರೆಗೆ ನಮ್ಮ ಬೀದಿಯ ದರ್ಶಿನಿಗೆ ಬನ್ನಿ. ಜಿಕೆವಿಕೆಯಲ್ಲಿ ವಾಕಿಂಗ್ ಮುಗಿಸಿ ಬಂದ ರಿಟೈರ್ಡ್ ಸಾಹೇಬರು, ಏರ್‌ಪೋರ್ಟಿಗೆ ಹೊರಟ ಟ್ಯಾಕ್ಸಿ ಡ್ರೈವರು, ಕಸ ಗುಡಿಸಿ ಮುಗಿಸಿದ ಪೌರಕಾರ್ಮಿಕ ಹೆಂಗಸು, ಕಾಲೇಜು ಬ್ಯಾಗಿನ ಹುಡುಗಿ... ಎಲ್ಲಾ ಒಂದೇ ಕಲ್ಲಿನ ಸುತ್ತ. ಒಬ್ಬರ ಸಾಂಬಾರು ಇನ್ನೊಬ್ಬರ ತಟ್ಟೆ ಪಕ್ಕ ತುಳುಕುತ್ತೆ. ಯಾರೂ ಯಾರ ಹೆಸರೂ ಕೇಳಲ್ಲ. ಪರದೆಯೂ ಇಲ್ಲ.

ಹೊಗಳೋ ಭರದಲ್ಲಿ ಒಂದು ಮಾತು ಮರೀಬಾರದು. ದರ್ಶಿನಿಯಲ್ಲಿ ಎಲ್ಲರೂ ನಿಲ್ಲಬಹುದು, ಆದರೆ ಅಲ್ಲಿ ಬೇಯೋದು ಎಲ್ಲರ ಮನೆಯ ಅಡುಗೆ ಅಲ್ಲ. ಮುದ್ದೆ, ಬೋಟಿ, ಕಾಲು ಸೂಪು ಬೇಕಾದವರು ಮೊದಲಿನಿಂದಲೂ ಮಿಲಿಟರಿ ಹೋಟೆಲಿಗೇ ಹೋಗಬೇಕು. ಇಬ್ಬರಿಗೂ ಬೇರೆ ಬೇರೆ ಬಾಗಿಲು ಇನ್ನೂ ಇದೆ.

*

ಈಗ ಅಪ್ಪನ ಕಾಫಿ.

ಅಪ್ಪ ದೊಡ್ಡಬಳ್ಳಾಪುರದ ಕಡೆ ಹಳ್ಳಿ ಶಾಲೆಯ ಮೇಷ್ಟ್ರು. ಅಮ್ಮನನ್ನೂ ಕರ್ಕೊಂಡು 2003ರಲ್ಲಿ ನಮ್ಮ ಜೊತೆ ಇರೋಕೆ ಸಹಕಾರನಗರಕ್ಕೆ ಬಂದರು. ಆಗ ಇಲ್ಲಿ ಇಷ್ಟು ಗಲಾಟೆ ಇರಲಿಲ್ಲ, ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇ ತಿಂಗಳಲ್ಲಿ. ಖಾಲಿ ಸೈಟುಗಳಲ್ಲಿ ಹಸು ಮೇಯುತ್ತಿದ್ದವು. ದಿನಾ ಬೆಳಗ್ಗೆ ಇಬ್ಬರೂ ಒಂದು ಸುತ್ತು ನಡೆದು, ದರ್ಶಿನಿಯಲ್ಲಿ ಬೈಟು ಕಾಫಿ ಕುಡಿದು ಬರ್ತಿದ್ವಿ. ಮಂಡಿ ನೋವು ಅಂತ ಒಂದಿನ ನಾನೇ ಹೋಟೆಲಿನವರಿಗೆ ಹೇಳಿ ಸ್ಟೂಲು ತರಿಸಿದೆ. ಅಪ್ಪ ಕೂರಲಿಲ್ಲ.

"ಬೇಡ ಕಣೋ, ನಿಂತೇ ಕುಡೀತೀನಿ" ಅಂದರು. ಸ್ವಲ್ಪ ಹೊತ್ತು ಲೋಟ ನೋಡ್ತಾ ಇದ್ದು, ಆಮೇಲೆ ಹೇಳಿದರು.

1964ನೇ ಇಸವಿ. ಅಪ್ಪನ ಶಾಲೆಯಲ್ಲಿ ಇನ್ನೊಬ್ಬರು ಮೇಷ್ಟ್ರು ಇದ್ದರು, ದಲಿತರು. ಅಪ್ಪನಿಗಿಂತ ಸೀನಿಯರ್, ಕೈಬರಹ ಮುತ್ತು ಪೋಣಿಸಿದ ಹಾಗೆ. ಸಂಬಳದ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ತಾಲ್ಲೂಕು ಕೇಂದ್ರಕ್ಕೆ ಹೋಗಿ, ಸಂಬಳ ತಗೊಂಡು, ಬಸ್‌ಸ್ಟ್ಯಾಂಡಿನ ಪಕ್ಕದ ಒಂದು ಹೋಟೆಲಿನಲ್ಲಿ ಕಾಫಿ ಕುಡಿಯೋದು ಪದ್ಧತಿ. ಅಪ್ಪ ಒಳಗೆ ಬೆಂಚಿನ ಮೇಲೆ. ಆ ಮೇಷ್ಟ್ರು ಹೊರಗೆ ಜಗಲಿಯ ಪಕ್ಕ ನಿಂತು. ಅವರ ಲೋಟ ಗೋಡೆಯ ಗೂಡಿನಲ್ಲಿ ಬೇರೆ ಇರುತ್ತಿತ್ತು. ತಾವೇ ತೆಗೆದುಕೊಂಡು, ಕುಡಿದು, ತಾವೇ ತೊಳೆದು ವಾಪಸ್ಸು ಇಡಬೇಕು. ಕಾಫಿಯನ್ನ ಮೇಲಿಂದ ಹುಯ್ಯೋರು. ಕಾಸು ಮಾತ್ರ ಇಬ್ಬರದೂ ಅಷ್ಟೇ.

"ಕಾನೂನು ಬಂದಿತ್ತು ಕಣೋ. ನಾನೇ ಮಕ್ಕಳಿಗೆ ಸಮಾಜ ಪಾಠದಲ್ಲಿ ಅಸ್ಪೃಶ್ಯತೆ ಅಪರಾಧ ಅಂತ ಉಕ್ತಲೇಖನ ಬರೆಸ್ತಿದ್ದೆ. ಜಗಳ ಆಡೋ ಧೈರ್ಯ ಇರಲಿಲ್ಲ, ಹೋಗ್ಲಿ. ಲೋಟ ಎತ್ಕೊಂಡು ಹೊರಗೆ ಬಂದು ಅವರ ಪಕ್ಕ ನಿಂತ್ಕೊಂಡು ಕುಡೀಬಹುದಿತ್ತಲ್ಲ? ಅದಕ್ಕೇನು ಧೈರ್ಯ ಬೇಕಿತ್ತು? ಮೂರು ವರ್ಷ ಒಳಗೇ ಕೂತ್ಕೊಂಡು ಕುಡಿದೆ."

ನಾನೇನೂ ಹೇಳಲಿಲ್ಲ. ಹೇಳೋಕೆ ಏನಿತ್ತು? ಆ ಮೇಷ್ಟ್ರು ಯಾವತ್ತೂ ಅದರ ಬಗ್ಗೆ ಮಾತಾಡಲಿಲ್ಲವಂತೆ. ವಾಪಸ್ಸು ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕದಲ್ಲೇ ಕೂತು ಶಾಲೆ ವಿಷಯ ಮಾತಾಡ್ಕೊಂಡು ಬರ್ತಿದ್ದರಂತೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂರಬಹುದು, ಹೋಟೆಲಿನಲ್ಲಿ ಇಲ್ಲ. ಅಪ್ಪನಿಗೆ ನಲವತ್ತು ವರ್ಷ ಆದ ಮೇಲೂ ಅರ್ಥವಾಗದೆ ಉಳಿದದ್ದು ತಮ್ಮದೇ ಸುಮ್ಮನಿರುವಿಕೆ. ಅಪ್ಪ ಈಗಿಲ್ಲ. ಮಂಡಿ ಎಷ್ಟೇ ನೋಯಲಿ, ಕೊನೆಯವರೆಗೂ ದರ್ಶಿನಿಯಲ್ಲಿ ನಿಂತೇ ಕುಡಿದರು.

*

2020ರಲ್ಲಿ ಲಾಕ್‌ಡೌನ್ ಆದಾಗ ಈ ಕಲ್ಲುಗಳೆಲ್ಲ ಖಾಲಿ. ಬರೀ ಪಾರ್ಸೆಲ್. ಜೂನ್ 8ರಿಂದ ಮತ್ತೆ ಒಳಗೆ ತಿನ್ನಲು ಬಿಟ್ಟರು ಅಂತ ನೆಮ್ಮದಿಯಾಯ್ತು. ಆದರೆ ಪಾರ್ಸೆಲ್ ಅಭ್ಯಾಸ ಹಾಗೇ ಉಳೀತು. ಈಗ ನಮ್ಮ ಹೋಟೆಲುಗಳ ಮುಂದೆ ಬಣ್ಣಬಣ್ಣದ ಟೀಶರ್ಟಿನ ಹುಡುಗರು ಗುಂಪಾಗಿ ನಿಂತಿರ್ತಾರೆ. ಒಳಗೆ ಹೊಗೆಯಾಡೋ ದೋಸೆ, ಹೊರಗೆ ಫುಟ್‌ಪಾತಿನಲ್ಲಿ ಇವರು, ಚೀಲ ಬರೋದನ್ನ ಕಾಯ್ತಾ. ಇದು 1964ರ ಜಗಲಿ ಅಂತ ನಾನು ಹೇಳಲ್ಲ. ಅದನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕಿದರೆ ಆ ಮೇಷ್ಟ್ರಿಗೆ ಅವಮಾನ. ಇವರು ಟೋಕನ್ ತಗೊಂಡು ಒಳಗೆ ಬಂದರೆ ಯಾರೂ ತಡೆಯಲ್ಲ. ಆದರೆ ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಇವರಿಗೆ ಬೇರೆ ಲಿಫ್ಟು ಅಂತ ಕೇಳಿದಾಗ ಮಾತ್ರ ಆ ಗೋಡೆಯ ಗೂಡು, ಬೇರೆ ಲೋಟ ಕಣ್ಣ ಮುಂದೆ ಬರುತ್ತೆ.

ಮೊನ್ನೆ ದೋಸೆ ತಂದ ಹುಡುಗನಿಗೆ ಗೇಟಿನಲ್ಲಿ "ತಿಂಡಿ ಆಯ್ತಾ?" ಅಂತ ಕೇಳಿದೆ. "ಇಲ್ಲ ಸಾರ್, ಇನ್ನೂ ನಾಲ್ಕು ಆರ್ಡರ್ ಇದೆ" ಅಂದು ಗಾಡಿ ತಿರುಗಿಸಿದ. ದೋಸೆ ಡಬ್ಬಿಯಲ್ಲಿ ಬೆವರಿ ಮೆತ್ತಗಾಗಿತ್ತು.

ರಾತ್ರಿ ಮಗಳಿಗೆ ತಾತನ ಕಥೆ ಹೇಳಿದೆ. ಪೂರ್ತಿ ಕೇಳಿದಳು. "ಆ ಮೇಷ್ಟ್ರ ಹೆಸರೇನು?" ಅಂದಳು. ನನಗೆ ಗೊತ್ತಿರಲಿಲ್ಲ. ಅಪ್ಪ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಷ್ಟು ದಿನ ಅಪ್ಪನ ಜೊತೆ ಕಾಫಿ ಕುಡಿದವನು, ಇದೊಂದನ್ನ ಕೇಳಬೇಕು ಅಂತ ಹೊಳೆಯಲೇ ಇಲ್ಲ ನೋಡಿ.

ಮುಂದಿನ ಭಾನುವಾರ ಇಬ್ಬರೂ ನಡ್ಕೊಂಡು ಹೋಗ್ತೀವಿ. ನಿಂತೇ ತಿಂತೀವಿ, ಪಕ್ಕದಲ್ಲಿ ಯಾರ್ಯಾರೋ ಇರಲಿ.

ನಿಮ್ಮ ಮನೆಯಲ್ಲೂ ಇಂಥ ಒಂದು ಲೋಟದ ಕಥೆ ಇರಬಹುದು. ಒಳಗೆ ಕೂತವರದೋ, ಹೊರಗೆ ನಿಂತವರದೋ. ಹಿರಿಯರು ಇರೋವಾಗಲೇ ಕೇಳಿಟ್ಕೊಳ್ಳಿ. ಹೆಸರೂ ಕೇಳಿಟ್ಕೊಳ್ಳಿ.